ಅಮ್ಮನಿಗೆ ಬಂದದ್ದು, ದೊಡ್ಡಮ್ಮನಿಗೆ ಬಾರದ್ದು

ನಮ್ಮಮ್ಮ ಧೈರ್ಯವಂತೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜಯನಗರದಿಂದ ಬನಶಂಕರಿಯವರೆಗೆ ಅವಳನ್ನು ಬಲ್ಲ ಹೆಂಗಸರೆಲ್ಲ ಹಲವು ವರ್ಷ ಇದಕ್ಕೆ ತದ್ವಿರುದ್ಧವಾದುದನ್ನೇ ನಂಬಿಕೊಂಡಿದ್ದರು. ಅವಳು ಜಿರಳೆ ಕಂಡರೆ ಮಂಚ ಹತ್ತುವವಳು. ಇಂಜೆಕ್ಷನ್ ಎಂದರೆ ಕಣ್ಣು ಕತ್ತಲೆ ಬಂದು ಕೂರುವವಳು. ದೂರದಲ್ಲೆಲ್ಲೋ ಗುಡುಗಿದರೆ ಟಿ.ವಿ.ಯ ಪ್ಲಗ್ ಜೊತೆಗೆ ಮಿಕ್ಸಿ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತು, ಸಾಲದೆಂದು ನಮ್ಮನ್ನು ಕಿಟಕಿಯಿಂದ ದೂರ ಕೂರಿಸುವವಳು. ಧೈರ್ಯ ಇದ್ದದ್ದು ದೊಡ್ಡಮ್ಮನಿಗೆ, ಅಂದರೆ ಅಮ್ಮನ ಒಡಹುಟ್ಟಿದ ಅಕ್ಕನಿಗೆ.

ಇಬ್ಬರಿಗೂ ಒಂದೇ ಕಾಯಿಲೆ ಬಂತು, ಸ್ತನದ ಕ್ಯಾನ್ಸರ್. ದೊಡ್ಡಮ್ಮ ಹೋದರು, ಅಮ್ಮ ಉಳಿದಳು.

ಅವರಿಬ್ಬರ ಹೋಲಿಕೆ ನಮ್ಮ ಮನೆಯಲ್ಲಿ ಸದಾ ನಗೆಯ ವಿಷಯವಾಗಿತ್ತು. ದೊಡ್ಡಮ್ಮನ ಮನೆ ಹನುಮಂತನಗರದಲ್ಲಿ, ಗುಡ್ಡದ ದೇವಸ್ಥಾನದ ಕೆಳಗಿನ ಬೀದಿಯಲ್ಲಿ. ನಮ್ಮದು ಜಯನಗರ. ದೊಡ್ಡಮ್ಮ ಫೋನು ಮಾಡಿದರೆ ಅಪ್ಪ ಅದು ತನ್ನ ಹೆಂಡತಿಯದೇ ಧ್ವನಿ ಎಂದುಕೊಂಡು, "ಎಲ್ಲಿ ಹಾಳಾಗಿ ಹೋಗಿದೀಯ, ಕಾಫಿ ಯಾರು ಮಾಡ್ತಾರೆ?" ಎಂದು ರೇಗಿ, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಸಾರಕ್ಕಿ ಸಂತೆಯಲ್ಲಿ ಸೊಪ್ಪು ಮಾರುವವಳು ದೊಡ್ಡಮ್ಮನನ್ನು ಕಂಡು, "ಈಗ್ತಾನೆ ತಗೊಂಡೋದ್ರಲ್ಲ ಅಕ್ಕ, ನೆಂಟ್ರು ಬಂದವ್ರಾ?" ಎಂದು ಕೇಳುತ್ತಿದ್ದಳು. ಒಂದೇ ಮೂಗು, ಒಂದೇ ಗದ್ದ, ಸೀನಿದರೆ ಬೀದಿಗೆಲ್ಲ ಕೇಳುವ ಒಂದೇ ಸೀನು. ಒಬ್ಬರಿಗೆ ಬದನೆಕಾಯಿ ತಿಂದರೆ ತುರಿಕೆ ಎದ್ದರೆ ಇನ್ನೊಬ್ಬರಿಗೂ ಏಳುತ್ತಿತ್ತು. ಒಳಗೂ ಹೊರಗೂ ಇಬ್ಬರೂ ಒಂದೇ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ದೊಡ್ಡಮ್ಮನಿಗೆ ಗಡ್ಡೆ ಕಾಣಿಸಿಕೊಂಡದ್ದು ಆಗಲೇ. ಅವರು ಅದನ್ನು ಎದುರಿಸಿದ ರೀತಿಯನ್ನು ನೆನೆದರೆ ಇಂದಿಗೂ ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸುತ್ತದೆ. ಆಪರೇಷನ್ನಿಗೆ ಹೋಗುವ ದಿನ ಮನೆ ಸಾರಿಸಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ನೆಂಟರ ಮನೆಗೆ ಹೊರಟವರಂತೆ ಹೊರಟರು. ಕೀಮೋ ಹಾಕಿಸಿಕೊಂಡು ಬಿ.ಟಿ.ಎಸ್. ಬಸ್ಸಿನಲ್ಲೇ ವಾಪಸು ಬರುತ್ತಿದ್ದರು. ಕೂದಲು ಉದುರಿದಾಗ, "ಒಳ್ಳೇದಾಯ್ತು ಬಿಡು, ಎಣ್ಣೆ ಖರ್ಚು ಉಳೀತು" ಎಂದು ನಕ್ಕರು. ಆ ಕಾಲಕ್ಕೆ ಗೋಧಿ ಹುಲ್ಲಿನ ರಸ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಅವರ ಮಗಳು ಮಹಡಿಯ ಮೇಲೆ ಟ್ರೇಗಳಲ್ಲಿ ಗೋಧಿ ಚೆಲ್ಲಿ ಹುಲ್ಲು ಬೆಳೆಸುತ್ತಿದ್ದಳು. ದಿನಾ ಬೆಳಗ್ಗೆ ಅದನ್ನು ಅರೆದು, ಹಿಂಡಿ, ಆ ಹಸಿರು ರಸವನ್ನು ಲೋಟದಲ್ಲಿ ತಂದುಕೊಟ್ಟರೆ ದೊಡ್ಡಮ್ಮ ಮುಖ ಕಿವುಚದೆ ಕುಡಿಯುತ್ತಿದ್ದರು.

ಮರುವರ್ಷದ ಗೌರಿ ಹಬ್ಬಕ್ಕೆ ಅವರಿರಲಿಲ್ಲ. ಕಾಯಿಲೆ ಶ್ವಾಸಕೋಶಕ್ಕೆ ಹೋಗಿ, ಕೆಮ್ಮು ಶುರುವಾಗಿ, ನೋಡನೋಡುತ್ತಿದ್ದಂತೆ ಎಲ್ಲ ಮುಗಿದುಹೋಯಿತು.

ಶಿವಗಣಾರಾಧನೆಯ ದಿನ ಊಟಕ್ಕೆ ಕೂತ ಬಂಧುಗಳ ಸಾಲಿನಿಂದ ಒಂದು ಮಾತು ಬಂತು. "ಪಾಪ, ಒಳಗೊಳಗೇ ಮನಸ್ಸು ಬಿಟ್ಬಿಟ್ಟಿದ್ರು ಅನ್ಸತ್ತೆ. ಈ ಕಾಯಿಲೆಗೆ ವಿಲ್ ಪವರ್ ಮುಖ್ಯ ನೋಡಿ." ಆ ಹೊತ್ತಿಗೆ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದವಳು ದೊಡ್ಡಮ್ಮನ ಮಗಳು, ನನ್ನ ಓರಗೆಯವಳು. ಸಾಲು ಮುಗಿಸಿ, ಬಕೆಟ್ಟನ್ನು ಇಟ್ಟು, ಮಹಡಿಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಗೋಧಿ ಹುಲ್ಲಿನ ಟ್ರೇಗಳನ್ನೆಲ್ಲ ಬೋರಲು ಹಾಕಿ ತಟ್ಟುತ್ತಿದ್ದಳು.

ಕೆಲವು ವರ್ಷಗಳ ನಂತರ ಅಮ್ಮನ ಸರದಿ ಬಂತು. ಅದೇ ಆಸ್ಪತ್ರೆ, ಅದೇ ಲೇಡಿ ಡಾಕ್ಟರು. ಅಪ್ಪ, ಅಮ್ಮ, ನಾನು ಮೂವರೂ ಹೋಗಿದ್ದೆವು.

"ಫ್ಯಾಮಿಲಿಲಿ ಯಾರಿಗಾದ್ರೂ ಈ ಕಾಯಿಲೆ ಇತ್ತಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಯಾರಿಗೂ ಇಲ್ಲ" ಎಂದ ಅಪ್ಪ, ತುಸು ಹೆಮ್ಮೆಯಿಂದಲೇ. ಅಮ್ಮನೂ ಹೌದೆಂದು ತಲೆಯಾಡಿಸಿದಳು.

ಡಾಕ್ಟರು ಅಮ್ಮನ ಮುಖವನ್ನೇ ನೋಡಿದರು. "ನೀವು ನಿಮ್ಮ ಅಕ್ಕನ ಜೊತೆ ಇಲ್ಲಿಗೆ ಬರ್ತಿದ್ರಿ ಅಲ್ವಾ?"

"ಅದು ಇವಳ ತವರು ಕಡೆ" ಎಂದ ಅಪ್ಪ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಾರ್, ಕಾಯಿಲೆ ಬಂದಿರೋದು ಇವರಿಗೆ. ನಿಮಗಲ್ಲ."

ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯೇ ಮನೆ ಎಂಬುದನ್ನು ಅಪ್ಪ ಮಾತ್ರವಲ್ಲ, ಅಮ್ಮನೂ ಎಷ್ಟು ಆಳವಾಗಿ ನಂಬಿದ್ದಳೆಂದರೆ, ತನ್ನ ರಕ್ತದ ವಿಷಯ ಬಂದಾಗಲೂ ಅವಳು ಅತ್ತೆಯ, ನಾದಿನಿಯರ ಆರೋಗ್ಯವನ್ನು ಲೆಕ್ಕ ಹಾಕಿದ್ದಳು. ನನಗೆ ನಗು ಬಂತು. ಅಂಥ ಹೊತ್ತಿನಲ್ಲೂ ನಗು ಬಂತಲ್ಲ ಎಂದು ಆಮೇಲೆ ಅಳುವೂ ಬಂತು.

ಅಂದಿನಿಂದ ಅಮ್ಮ, ಅಕ್ಕ ನಡೆದ ದಾರಿಯಲ್ಲೇ ತಾನೂ ನಡೆಯುತ್ತೇನೆಂದು ಗಟ್ಟಿ ಮಾಡಿಕೊಂಡಳು. ಅಕ್ಕನಿಗೆ ಯಾವಾಗ ಏನಾಗಿತ್ತೋ ತನಗೂ ಹಾಗೇ ಆಗಬೇಕು. "ಅಕ್ಕಂಗೆ ಈ ಕೀಮೋ ಆದ್ಮೇಲೆ ಕೂದಲು ಹೋಯ್ತು" ಎಂದಳು, ಅವಳದೂ ಹೋಯಿತು. "ಉಗುರು ಕಪ್ಪಾಗತ್ತೆ" ಎಂದಳು, ಕಪ್ಪಾಯಿತು. ಒಂದೊಂದು ನಿಜವಾದಾಗಲೂ ಮುಂದಿನದು ಯಾವುದೆಂದು ನಾವೂ ಲೆಕ್ಕ ಹಾಕುತ್ತಿದ್ದೆವು. ಅವಳಂತೂ ಅತ್ತಳು, ಡಾಕ್ಟರನ್ನು ಬೈದಳು, ದೇವರನ್ನು ಬೈದಳು, ಉಪ್ಪಿಲ್ಲದ ಗಂಜಿ, ಗೋಧಿ ಹುಲ್ಲಿನ ರಸ ಕೊಟ್ಟೆನೆಂದು ನನ್ನನ್ನು ಬೈದಳು. ಒಮ್ಮೆ ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಇಳಿದು, "ನಾನು ಬರಲ್ಲ, ನೀವೇ ಹಾಕಿಸ್ಕೊಳ್ಳಿ ಹೋಗಿ" ಎಂದು ಸರಸರನೆ ವಾಪಸು ನಡೆಯತೊಡಗಿದಳು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದ. ಆಟೋದವನು, "ಪಾಪ ಬಿಡಿ ಮೇಡಂ, ಆಂಟಿಗೆ ಇಷ್ಟ ಇಲ್ಲ" ಎಂದು ನನಗೇ ಬುದ್ಧಿ ಹೇಳಿದ.

ಚಿಕಿತ್ಸೆ ಮುಗಿದ ಮೇಲೆ ಅವಳು ಕೆಮ್ಮಿಗಾಗಿ ಕಾಯತೊಡಗಿದಳು. "ಈ ಹೊತ್ತಿಗೆ ಅಕ್ಕಂಗೆ ಕೆಮ್ಮು ಶುರುವಾಗಿತ್ತು" ಎನ್ನುತ್ತಿದ್ದಳು. ಒಂದು ದಿನ ಅಡುಗೆಮನೆಯಿಂದ ಕೆಮ್ಮು ಕೇಳಿತು. ಅಪ್ಪನೂ ನಾನೂ ಎದ್ದು ನಿಂತೆವು, ಆದರೆ ಒಳಗೆ ಹೋಗಲು ಇಬ್ಬರಿಗೂ ಕಾಲು ಬರಲಿಲ್ಲ. ಅಷ್ಟರಲ್ಲಿ ಒಗ್ಗರಣೆಯ ಮೆಣಸಿನಕಾಯಿ ಘಾಟು ಹಾಲಿಗೂ ಬಂದು ನಾವೂ ಕೆಮ್ಮಿದೆವು. ಅಪ್ಪ ಕೆಮ್ಮುತ್ತಲೇ ಕಣ್ಣೊರೆಸಿಕೊಂಡ.

ಕಾಯುತ್ತಿದ್ದ ಕೆಮ್ಮು ಬರಲಿಲ್ಲ. ಗೌರಿ ಹಬ್ಬ ಬಂತು, ಹೋಯಿತು. ಮತ್ತೊಂದು ಬಂತು. ಅಕ್ಕನ ದಾರಿ ಒಂದು ಕಡೆಗೆ ತಿರುಗಿದ್ದ ಜಾಗದಲ್ಲಿ ಅಮ್ಮನ ದಾರಿ ಸದ್ದಿಲ್ಲದೆ ಇನ್ನೊಂದು ಕಡೆಗೆ ತಿರುಗಿತ್ತು.

ಆಮೇಲೆ ಶುರುವಾಯಿತು ನೋಡಿ ಹೊಗಳಿಕೆ. "ಅವರದು ಎಂಥ ವಿಲ್ ಪವರ್!" "ಗಂಡುಗುಂಡಿಗೆ ಕಣ್ರೀ ಅವರದ್ದು." ಬೀದಿಯವರು, ದೂರದ ನೆಂಟರು, ಯಾರ ಯಾರದೋ ನಾದಿನಿಯರು ಎಲ್ಲರೂ ಸೇರಿ ಅಮ್ಮನನ್ನು ಒಂದು ಬಗೆಯ ಶರಣೆಯನ್ನಾಗಿ ಮಾಡಿಬಿಟ್ಟರು. ಯಾರಿಗಾದರೂ ಈ ಕಾಯಿಲೆ ಬಂದರೆ ಅವರನ್ನು ನಮ್ಮ ಮನೆಗೆ ಕರೆತರುವ ರೂಢಿ ಬೆಳೆಯಿತು. ಹೂವು, ಹಣ್ಣು, ರವಿಕೆ ಕಣ ತಂದು, ಅಮ್ಮನ ಕಾಲಿಗೆ ಬಿದ್ದು, ಅವಳ ಕೈಯಿಂದಲೇ ಮಡಿಲು ತುಂಬಿಸಿಕೊಂಡು ಹೋಗುವುದು, ಅವಳ ಧೈರ್ಯ ತಮಗೂ ಬರಲಿ ಎಂದು. ಅಮ್ಮನಿಗೆ ಮೊದಮೊದಲು ಮುಜುಗರ. ಆಮೇಲೆ, ಸುಳ್ಳು ಹೇಳಬಾರದು, ಸ್ವಲ್ಪ ರುಚಿಯೂ ಹತ್ತಿತು.

ಆದರೆ ಒಬ್ಬಳು ಮಾತ್ರ ಬರುವುದನ್ನು ನಿಲ್ಲಿಸಿದಳು. ದೊಡ್ಡಮ್ಮನ ಮಗಳು. ಅಮ್ಮನ ಕಾಯಿಲೆಯ ದಿನಗಳಲ್ಲಿ ದಿನ ಬಿಟ್ಟು ದಿನ ಬಂದು ನನಗೆ ಹೆಗಲಾಗಿದ್ದವಳು ಅವಳೇ. ಅಮ್ಮ ಉಳಿದದ್ದಕ್ಕೆ ಅವಳಿಗೆ ಸಂತೋಷವಿರಲಿಲ್ಲವೆಂದಲ್ಲ. ಆದರೆ ಅಮ್ಮನಿಗೆ ಬೀಳುವ ಒಂದೊಂದು ಹೊಗಳಿಕೆಯೂ ಅವಳ ತಾಯಿಯ ಮೇಲೆ ಒಂದು ದೂರಾಗಿ ಕೇಳಿಸುತ್ತಿತ್ತು. ಒಮ್ಮೆ ಜಯನಗರದ ಕಾಂಪ್ಲೆಕ್ಸಿನ ಹತ್ತಿರ ಸಿಕ್ಕಾಗ ಅವಳೇ ಬಾಯಿಬಿಟ್ಟು ಹೇಳಿದಳು: "ಅದೇ ಡಾಕ್ಟ್ರು, ಅದೇ ಔಷಧಿ. ಚಿಕ್ಕಮ್ಮ ಗೆದ್ರು ಅಂದ್ರೆ ನಮ್ಮಮ್ಮ ಸೋತ್ಲು ಅಂತ ತಾನೆ ಅರ್ಥ? ನಾನು ಸರಿಯಾಗಿ ನೋಡ್ಕೊಳ್ಲಿಲ್ಲ ಅಂತ ತಾನೆ?" ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಊಟ ಬಿಟ್ಟು ಎದ್ದಳು. ಅಕ್ಕ ಹೋದ ಮೇಲೆ ಅಕ್ಕನದೆಂದು ಉಳಿದಿದ್ದುದು ಆ ಹುಡುಗಿ ಒಬ್ಬಳೇ. ಅವಳನ್ನು ಮತ್ತೆ ಮನೆಗೆ ಬರುವಂತೆ ಮಾಡುವುದು ಹೇಗೆಂಬುದೇ ಅಮ್ಮನ ಒಂದೇ ಕೊರಗಾಯಿತು. ಹಬ್ಬಕ್ಕೆ ಕರೆದರೆ ಅವಳು ಏನಾದರೂ ನೆಪ ಹೇಳುತ್ತಿದ್ದಳು.

ಹೀಗಿರುವಾಗ ಬಿ.ಟಿ.ಎಂ. ಲೇಔಟಿನಿಂದ ಒಬ್ಬ ಹೆಂಗಸು ಬಂದಳು. ಹುಬ್ಬಳ್ಳಿಯ ಕಡೆಯವಳು, ಗಂಡನ ಆಫೀಸಿನ ಕೆಲಸಕ್ಕಾಗಿ ಬಂದು ಬಾಡಿಗೆ ಮನೆಯಲ್ಲಿದ್ದವಳು. ನನಗಿಂತ ಚಿಕ್ಕವಳು. "ಅಕ್ಕಾರ, ನಿಮ್ಮಂಗ ನಾನೂ ಗಟ್ಟಿ ಇರ್ತೀನ್ರಿ. ಏನ್ ಮಾಡಬೇಕು ಅಂತ ಹೇಳ್ರಿ, ಒಂದೂ ಬಿಡಂಗಿಲ್ಲ" ಎಂದಳು. ಅಮ್ಮ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಆ ಹೆಂಗಸು ಹೇಳಿದ್ದೆಲ್ಲವನ್ನೂ ಮಾಡಿದಳು. ಎಷ್ಟೋ ಸಲ ನಗುನಗುತ್ತಾ ಬಂದು ಖಡಕ್ ರೊಟ್ಟಿ ಕೊಟ್ಟು ಹೋದಳು. ಆಮೇಲೆ ಅವಳ ಗಂಡ ಒಬ್ಬನೇ ಬಂದ.

ಅಮ್ಮ ಅಂದಿನಿಂದ ಯಾರ ಮಡಿಲನ್ನೂ ತುಂಬಲಿಲ್ಲ. ವರ್ಷದ ಚೆಕಪ್ಪಿಗೆ ಹೋದಾಗ ಡಾಕ್ಟರ ಮುಂದೆ ಕೂತು, ರಿಪೋರ್ಟು ಹೇಗಿದೆ ಎಂದು ಕೇಳದೆ, "ನಾನು ಏನು ಮಾಡ್ದೆ ಅಂತ ಉಳಿದೆ ಡಾಕ್ಟ್ರೇ? ಅವರೆಲ್ಲ ಏನು ಮಾಡ್ಲಿಲ್ಲ?" ಎಂದು ಕೇಳಿದಳು.

"ನೀವು ಏನೂ ಮಾಡ್ಲಿಲ್ಲ" ಎಂದರು ಡಾಕ್ಟರು.

ಅಮ್ಮ ತಬ್ಬಿಬ್ಬಾದಳು. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ನಿಮ್ಮಕ್ಕಂಗೂ ನಿಮಗೂ ಕೊಟ್ಟಿದ್ದು ಅದೇ ಡ್ರಗ್ಸ್. ಗಡ್ಡೆ ಸೈಜೂ ಹೆಚ್ಚುಕಮ್ಮಿ ಒಂದೇ. ಆದ್ರೂ ಫರಕ್ ಆಗತ್ತೆ. ಗಡ್ಡೆಗೂ ಒಂದೊಂದಕ್ಕೆ ಒಂದೊಂದು ಸ್ವಭಾವ ಇರತ್ತೆ, ಅದು ಒಂದು ಕಾರಣ. ಅದು ಯಾರ ಮೈಯಲ್ಲಿ ಬೆಳೀತೋ ಆ ಮೈಗೂ ಒಂದು ಸ್ವಭಾವ ಇರತ್ತೆ. ಔಷಧಿನ ಹೇಗೆ ಅರಗಿಸ್ಕೊಳ್ಳತ್ತೆ, ಗಡ್ಡೆಯಿಂದ ತಪ್ಪಿಸ್ಕೊಂಡು ಬೇರೆ ಕಡೆ ಹೋಗೋ ಕಣಗಳನ್ನ ಹೇಗೆ ತಡೆಯತ್ತೆ, ಅದೆಲ್ಲ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬಂದಿರತ್ತೆ. ಅಪ್ಪ ಅಮ್ಮನಿಂದ. ಕಾಯಿಲೆ ಬರೋದಕ್ಕೆ ಮಾತ್ರ ಅಲ್ಲ, ಬಂದ್ಮೇಲೆ ಉಳಿಯೋದಕ್ಕೂ ವಂಶದ್ದು ಒಂದು ಕೈ ಇರತ್ತೆ."

"ನಮ್ಮಿಬ್ಬರಿಗೂ ಒಬ್ಬರೇ ಅಪ್ಪ ಅಮ್ಮ ಅಲ್ವಾ?"

"ಒಬ್ಬರೇ. ಆದ್ರೆ ಸಿಕ್ಕಿದ ಪಾಲು ಒಂದೇ ಅಲ್ಲ."

"ನಂಗೇನು ಸಿಕ್ತು?"

"ಗೊತ್ತಿಲ್ಲ. ಈಗೀಗ ಹುಡುಕ್ತಿದಾರೆ. ಒಂದೇ ಅಲ್ಲ, ಸಣ್ಣ ಸಣ್ಣವು ಬೇಕಾದಷ್ಟು ಇರಬಹುದು. ನಿಮ್ಮ ವಿಷಯದಲ್ಲಿ ಅದೇ ಕಾರಣ ಅಂತ ನಾನು ಗ್ಯಾರಂಟಿ ಕೊಡಲ್ಲ. ಆದ್ರೆ ನಿಮಗೆ ಧೈರ್ಯ ಇತ್ತು ಉಳಿದ್ರಿ, ಅವರಿಗೆ ಇರ್ಲಿಲ್ಲ ಹೋದ್ರು ಅಂತಾರಲ್ಲ, ಅದು ಸುಳ್ಳು. ಅದನ್ನ ಮಾತ್ರ ಗ್ಯಾರಂಟಿಯಾಗಿ ಹೇಳ್ತೀನಿ."

ಎಷ್ಟೋ ವರ್ಷಗಳಿಂದ ನಾನು ಕಪ್ಪುಹಲಗೆಯ ಮೇಲೆ ಚೌಕ ಎಳೆದು, ಎತ್ತರದ ಬಟಾಣಿ ಗಿಡ, ಗಿಡ್ಡ ಬಟಾಣಿ ಗಿಡ ಎಂದು ಅನುವಂಶೀಯತೆ ಪಾಠ ಮಾಡುತ್ತಾ ಬಂದಿದ್ದೆ. ಮಕ್ಕಳಿಗೆ ಅದು ಪರೀಕ್ಷೆಯಲ್ಲಿ ಖಂಡಿತ ಬರುವ ಪ್ರಶ್ನೆ, ನನಗೆ ಬೇಗ ಮುಗಿಯುವ ಪಾಠ. ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ, ಕ್ಯಾಂಟೀನಿನ ಕಾಫಿ ಹಿಡಿದು ಅಮ್ಮನ ಪಕ್ಕ ಕೂತಿದ್ದಾಗ ಮೊದಲ ಸಲ ನನಗೆ ಆ ಪಾಠ ಅರ್ಥವಾಯಿತು. ಒಂದೇ ಕಟ್ಟು ಇಸ್ಪೀಟೆಲೆಯನ್ನು ಮತ್ತೆ ಮತ್ತೆ ಕಲಸಿ ಹಂಚಿದ ಹಾಗೆ, ಒಂದೇ ತಂದೆತಾಯಿಯಿಂದ ಒಂದೊಂದು ಮಗುವಿಗೆ ಒಂದೊಂದು ಬಗೆಯ ಪಾಲು. ಮೂಗು, ಗದ್ದ, ಸೀನು, ಬದನೆಕಾಯಿಯ ತುರಿಕೆ ಇಬ್ಬರಿಗೂ ಬಿದ್ದಿತ್ತು. ಕಣ್ಣಿಗೆ ಕಾಣುವ ಅಷ್ಟನ್ನು ನೋಡಿ ಎಲ್ಲವೂ ಒಂದೇ ಎಂದು ನಾವು ಷರಾ ಬರೆದಿದ್ದೆವು. ಕಾಣದ ಎಲೆ ಒಂದು ಅಮ್ಮನ ಕೈಗೆ ಮಾತ್ರ ಬಂದಿತ್ತೋ ಏನೋ.

ಅದು ಎಲ್ಲಿಂದ ಹೊರಟಿತ್ತು? ಅಮ್ಮನ ಅಪ್ಪನಿಂದಲೋ? ಅವರಿಗೆ ಈ ಕಾಯಿಲೆ ಬರಲಿಲ್ಲ, ಆದ್ದರಿಂದ ಅದು ತಮ್ಮಲ್ಲಿದೆ ಎಂದು ತಿಳಿಯುವ ಸಂದರ್ಭವೇ ಅವರಿಗೆ ಬರಲಿಲ್ಲ. ಅವರ ತಾಯಿಯಿಂದಲೋ, ಆ ತಾಯಿಯ ಅಜ್ಜಿಯಿಂದಲೋ? ಪ್ಲೇಗಿಗೆ ಹೆದರಿ ಊರು ಬಿಟ್ಟು ಗುಡಿಸಲು ಹಾಕಿಕೊಂಡವರು, ಹೆರಿಗೆಯಲ್ಲಿ ಸತ್ತವರು, ಹೆಸರೂ ಉಳಿಯದ ಎಷ್ಟು ಜನರ ಮೈಯೊಳಗೆ ಅದು ಯಾವ ಉಪಯೋಗಕ್ಕೂ ಬಾರದೆ, ಯಾರ ಗಮನಕ್ಕೂ ಬಾರದೆ ಸುಮ್ಮನೆ ಸಾಗಿ ಬಂದಿರಬೇಕು! ಕೊನೆಗೆ ಸಿಡಿಲಿಗೆ ಹೆದರುವ ಈ ಹೆಂಗಸಿನ ಮೈಯಲ್ಲಿ, ಅವಳಿಗೂ ಹೇಳದೆ, ತನ್ನ ಕೆಲಸ ಮಾಡಿ ಮುಗಿಸಿತ್ತು. ಅವಳು ಆಟೋ ಇಳಿದು ಓಡುತ್ತಿದ್ದಾಗಲೂ ಅದು ಒಳಗೆ ಕೆಲಸ ಮಾಡುತ್ತಿತ್ತು. ನನ್ನ ಪಕ್ಕದಲ್ಲಿ ಕಾಫಿ ಊದಿಕೊಂಡು ಕುಡಿಯುತ್ತಿದ್ದ ಅಮ್ಮನನ್ನು ಹೊಸಬರನ್ನು ನೋಡುವಂತೆ ನೋಡಿದೆ. "ಏನೇ ಹಾಗೆ ನೋಡ್ತೀಯಾ, ಮೀಸೆ ಬಂದಿದೆಯಾ ನಂಗೆ?" ಎಂದಳು.

ಆ ಪಾಲಿನಲ್ಲಿ ನನಗೆಷ್ಟು ಬಂದಿದೆಯೋ ನನಗೆ ಗೊತ್ತಿಲ್ಲ. ಎರಡೂ ಬಂದಿರಬಹುದು, ಕಾಯಿಲೆಯೂ ಅದನ್ನು ತಡೆಯುವುದೂ. ಎರಡೂ ಬಾರದೆಯೂ ಇರಬಹುದು. ಒಂದು ಮಾತ್ರ ಬಂದಿರಬಹುದು. ಅದನ್ನು ನೆನೆದಾಗ ಭಯವಾಗುತ್ತದೆ, ಆದರೆ ಭಯಕ್ಕಿಂತ ಹೆಚ್ಚಾಗಿ, ನನ್ನ ಮೈಯೇ ನನಗೆ ಪರಿಚಯವಿಲ್ಲದ ದೊಡ್ಡ ಊರಿನಂತೆ ಅನ್ನಿಸಿ ಬೆರಗಾಗುತ್ತದೆ.

ಅದಾದ ಕೆಲವು ತಿಂಗಳಿಗೆ ಗೊಟ್ಟಿಗೆರೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶವಿತ್ತು. ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು, ಮನೆಯ ತುಂಬಾ ಹೊಸ ಸುಣ್ಣಬಣ್ಣದ ವಾಸನೆ. ದೊಡ್ಡಮ್ಮನ ಮಗಳೂ ಬಂದಿದ್ದಳು. ದೂರದಿಂದಲೇ ತಲೆಯಾಡಿಸಿ, ಊಟಕ್ಕೆ ನಮ್ಮ ಎದುರಿನ ಸಾಲಿನ ಕೊನೆಯಲ್ಲಿ ಹೋಗಿ ಕೂತಳು. ಹೋಳಿಗೆ ಬಡಿಸುವ ಹೊತ್ತಿಗೆ ಅಮ್ಮನ ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ಸೊಸೆಗೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡ್ಕೊಳೇ ಇವರನ್ನ. ಏನು ವಿಲ್ ಪವರ್ ಅಂತೀಯ! ಇವರಕ್ಕನೂ ಇದ್ರು, ಪಾಪ, ಧೈರ್ಯ ಸಾಲ್ದೆ ಹೋಗ್ಬಿಟ್ರು."

ಎದುರು ಸಾಲಿನ ಕೊನೆಯಲ್ಲಿ ಒಂದು ಕೈ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಅಮ್ಮ ಮುರಿದ ಹೋಳಿಗೆಯನ್ನು ಎಲೆಯ ಮೇಲೆ ಹಾಕಿದಳು. "ನಂಗೆ ಧೈರ್ಯ ಇರ್ಲಿಲ್ಲ ಕಣ್ರೀ" ಎಂದಳು. ಎದುರು ಸಾಲಿನ ಕೊನೆಗೂ ಕೇಳುವಷ್ಟು ಜೋರಾಗಿತ್ತು ಅವಳ ಧ್ವನಿ. "ನಾನು ಬೊಬ್ಬೆ ಹೊಡೆದಿದೀನಿ, ಆಸ್ಪತ್ರೆಗೆ ಹೋಗೋ ಆಟೋ ಇಳಿದು ಓಡಿದೀನಿ. ಇವಳು, ನನ್ನ ಮಗಳು, ಗೋಧಿ ಹುಲ್ಲಿನ ರಸ ಮಾಡಿ ಕೊಡ್ತಿದ್ಲಲ್ಲ, ಒಂದು ದಿನಾನೂ ಕುಡೀಲಿಲ್ಲ, ಎಲ್ಲಾ ಕರಿಬೇವಿನ ಗಿಡಕ್ಕೆ ಸುರಿದೆ. ನಮ್ಮಕ್ಕ ಒಂದು ತೊಟ್ಟು ಬಿಡದೆ ಕುಡಿದ್ಲು. ಬಸ್ಸಲ್ಲಿ ಹೋಗಿ ಕೀಮೋ ಹಾಕಿಸ್ಕೊಂಡು ಬಂದ್ಲು. ಅವಳ ಮಗಳು ಅವಳನ್ನ ನೋಡ್ಕೊಂಡ ಹಾಗೆ ನನ್ನನ್ಯಾರೂ ನೋಡ್ಕೊಂಡಿಲ್ಲ. ಆದ್ರೂ ಅವಳು ಹೋದ್ಲು, ನಾನು ಉಳಿದೆ. ಯಾಕೆ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ತುಪ್ಪ ಬಡಿಸುವವನು ಮಿಳ್ಳೆ ಹಿಡಿದು ನಿಂತೇ ಇದ್ದ. ಅಮ್ಮನನ್ನು ಯಾರೂ ಹಾಗೆ ನೋಡಿಕೊಂಡಿಲ್ಲವೆಂಬ ಮಾತು ನನಗೆ ಚುಚ್ಚಲಿಲ್ಲವೆಂದಲ್ಲ, ಆದರೆ ಆ ಕ್ಷಣದಲ್ಲಿ ಅವಳನ್ನು ಹೊತ್ತು ಮೆರೆಸಬೇಕು ಅನ್ನಿಸಿತು. ಕರಿಬೇವಿನ ಗಿಡ ಆ ವರ್ಷ ಯಾಕೆ ಹಾಗೆ ಸೊಕ್ಕಿ ಬೆಳೆದಿತ್ತೆಂಬುದೂ ಆಗ ತಿಳಿಯಿತು.

ಊಟ ಮುಗಿದ ಮೇಲೆ ಹಿತ್ತಲಿನ ನಲ್ಲಿಯ ಹತ್ತಿರ ಅಮ್ಮ ಕೈ ತೊಳೆಯುತ್ತಿದ್ದಾಗ ದೊಡ್ಡಮ್ಮನ ಮಗಳು ಬಂದಳು.

"ನಿಜವಾಗ್ಲೂ ಗಿಡಕ್ಕೆ ಸುರಿದ್ರಾ ಚಿಕ್ಕಮ್ಮ?"

"ಹೂಂ ಕಣೇ. ಥೂ, ಅದನ್ನ ಮನುಷ್ಯರು ಕುಡೀತಾರಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. ಅಮ್ಮ ನಲ್ಲಿಯನ್ನು ಹರಿಯಲು ಬಿಟ್ಟು, ಒದ್ದೆ ಕೈಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮಪ್ಪ ಅಮ್ಮನಿಂದ ನಂಗೇನೋ ಬಂದಿತ್ತಂತೆ, ಅವಳಿಗೆ ಬಂದಿರ್ಲಿಲ್ವಂತೆ. ನಂಗೆ ಗೊತ್ತೇ ಇರ್ಲಿಲ್ಲ. ಅದನ್ನ ಕಿತ್ತು ಕೊಡೋ ಹಾಗಿದ್ದಿದ್ರೆ, ನಿಮ್ಮಮ್ಮಂಗೆ ಅರ್ಧ ಕಿತ್ತು ಕೊಡ್ತಿದ್ದೆ ಕಣೇ. ಆಣೆಗೂ ಕೊಡ್ತಿದ್ದೆ."

"ಅಮ್ಮ ಇಸ್ಕೊಳ್ತಿರ್ಲಿಲ್ಲ ಚಿಕ್ಕಮ್ಮ" ಎಂದಳು ಅವಳು. "ನೀನು ಚಿಕ್ಕವಳು, ಪೂರ್ತಿ ನೀನೇ ಇಟ್ಕೋ ಅಂತಿದ್ಲು."

ಅಮ್ಮ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತು, ಅಕ್ಕ ಹೋದ ದಿನವೂ ಅಳದಷ್ಟು ಜೋರಾಗಿ ಅತ್ತಳು. ದೊಡ್ಡಮ್ಮನ ಮಗಳು ಬಗ್ಗಿ ನಲ್ಲಿಯನ್ನು ನಿಲ್ಲಿಸಿ, ಅಮ್ಮನಿಗೆ ಅಂಟಿಕೊಂಡು ಕೂತಳು.